ತೆನಿಯೋಲಾಳನ್ನು ಕಳಿಸಿಕೊಟ್ಟದ್ದು

ಸುದ್ದಿ ಬಂದ ದಿನವೇ ಅಬೊಸೆದೆ ಮನೆಮಂದಿಯ ಬಾಯಿಗೆಲ್ಲ ಬೀಗ ಹಾಕಿದಳು. ಅಲಸಂದೆ ಕಾಳು ಆರಿಸುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಾಗಿಲು ಮುಂದೆ ಮಾಡಿ, ಗಂಡನನ್ನೂ, ಮಗಳನ್ನೂ, ಹಾಸ್ಟೆಲ್ಲಿನಿಂದ ರಜೆಗೆ ಬಂದಿದ್ದ ಮಗ ಕೊಲಾದೆಯನ್ನೂ ಎದುರಿಗೆ ಕೂರಿಸಿಕೊಂಡಳು. ಇಬಿದುನ್ ಅತ್ತೆ ಚರ್ಚಿನ ಪ್ರಾರ್ಥನೆಗೆ ಹೋಗಿದ್ದರು. ಬರುವುದಕ್ಕೆ ಇನ್ನೂ ಒಂದು ಗಂಟೆ ಇತ್ತು.

"ಇವಳು ವಿಮಾನ ಹತ್ತಿ, ಆ ದೇಶದಲ್ಲಿ ಇಳಿದು, ಇಳಿದೆ ಅಂತ ಫೋನ್ ಮಾಡೋವರೆಗೂ ಈ ಮಾತು ಈ ನಾಲ್ಕು ಗೋಡೆ ದಾಟಬಾರದು. ತಿಳೀತಾ?"

"ಅಜ್ಜಿಗೆ?" ಎಂದು ಮಗಳು ತೆನಿಯೋಲಾ ಕೇಳಿದಳು.

"ಅಜ್ಜಿಗಂತೂ ಮೊದಲು ಬೇಡ. ಅವರಿಗೆ ಹೇಳೋದೂ ಒಂದೇ, ಮೈಕ್ ಹಿಡಿದು ಬೀದಿ ಸುತ್ತೋದೂ ಒಂದೇ."

ಹದಿನೇಳರ ತೆನಿಗೆ ಪೋರ್ಚುಗಲ್ಲಿನ ಒಂದು ಬ್ಯಾಲೆ ಶಾಲೆಯಲ್ಲಿ ಜಾಗ ಸಿಕ್ಕಿತ್ತು. ಮೂರು ವರ್ಷದ ಓದು, ಊಟ, ಇರುವುದು ಎಲ್ಲ ಶಾಲೆಯದೇ ಖರ್ಚು. ಒಂಬತ್ತನೆಯ ವಯಸ್ಸಿನಿಂದ ಅವಳು ಒಮೊರೆಗಿ ಮೇಷ್ಟ್ರ ಹತ್ತಿರ, ಚರ್ಚಿನ ಹಿಂದಿನ ಹಾಲಿನ ಸಿಮೆಂಟು ನೆಲದ ಮೇಲೆ, ತುದಿಗಾಲಲ್ಲಿ ನಿಂತು ನಿಂತು ಉಗುರು ಕಳೆದುಕೊಂಡ ಹುಡುಗಿ. ಲೇಗೋಸಿನ ಶೊಮೊಲು ಬಡಾವಣೆಯ ಆ ಬೀದಿಯಲ್ಲಿ ಆ ಕುಣಿತ ಏನೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಹೊರದೇಶಕ್ಕೆ ಹೋಗುವವರು ಗುಟ್ಟಾಗಿ ಹೋಗಬೇಕೆಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತಿತ್ತು. ಲೇಗೋಸಿನಲ್ಲಿ ಪಾಸ್‌ಪೋರ್ಟು ಇರುವುದು ಅಕ್ಕಿ ಡಬ್ಬಿಯ ತಳದಲ್ಲೇ. ಹೋದವರು ಹೋದ ಮೇಲೆಯೇ ನೆರೆಮನೆಯವರಿಗೆ ತಿಳಿಯಬೇಕು, ಅದೇ ಮರ್ಯಾದೆ.

ಅಬೊಸೆದೆಗೆ ಅದರ ಮೇಲೆ ಇನ್ನೊಂದು ಕಾರಣವಿತ್ತು. ಅವಳ ತಮ್ಮ ಬಾಮಿದೆಲೆ ಕೆನಡಾಕ್ಕೆ ಹೊರಟಾಗ ಮನೆಯವರು ಮೇಕೆ ಕಡಿದರು, ಒಂದೇ ಬಣ್ಣದ ಬಟ್ಟೆಯಲ್ಲಿ ನಲವತ್ತು ಜನರಿಗೆ ಹೊಲಿಸಿದರು. ಅದರಲ್ಲಿ ಮೂವತ್ತು ಅಬೊಸೆದೆಯೇ ಹೊಲಿದದ್ದು. ವಿಮಾನ ನಿಲ್ದಾಣದಲ್ಲಿ ಕಾಗದ ಸರಿಯಿಲ್ಲವೆಂದು ಅವನನ್ನು ವಾಪಸು ಕಳಿಸಿದರು. ಅವನು ಮನೆಗೆ ಬರಲಿಲ್ಲ. ನೇರ ಇಬಾದಾನಿಗೆ ಹೋದ, ಹನ್ನೊಂದು ವರ್ಷವಾಯಿತು, ಹುಟ್ಟಿದ ಬೀದಿಗೆ ಕಾಲಿಟ್ಟಿಲ್ಲ.

"ಮೇಕೆ ತಿಂದ ನಲವತ್ತು ಜನರಲ್ಲಿ ಯಾರ ಕಣ್ಣು ತಾಗಿತು ಅಂತ ಹುಡುಕಲಿ?" ಎನ್ನುತ್ತಿದ್ದಳು ಅಬೊಸೆದೆ. "ನನ್ನ ಮಗಳಿಗೆ ಹಾಗಾಗಕ್ಕೆ ಬಿಡಲ್ಲ."

ಗಂಡ ಲಾದಿಪೊ ಗಲ್ಲ ಕೆರೆದುಕೊಂಡ. ಫ್ರಿಜ್ ರಿಪೇರಿ ಮಾಡುವ ಆ ಮನುಷ್ಯ ಹೆಂಡತಿಯ ಮಾತಿಗೂ ತಾಯಿಯ ಮಾತಿಗೂ ನಡುವೆ ಇಪ್ಪತ್ತೈದು ವರ್ಷ ತಂಪಾಗಿ ಬದುಕಿದ್ದ. "ಅಮ್ಮನಿಗೆ ಬೇಜಾರಾಗುತ್ತೆ ಕಣೇ," ಎಂದಷ್ಟೇ ಹೇಳಿದ.

"ಆಗ್ಲಿ. ಬೇಜಾರು ಎರಡು ದಿನ. ಹೋದ ಅವಕಾಶ ವಾಪಸ್ ಬರಲ್ಲ ರೀ."

ಹಾಗೆ ಶುರುವಾಯಿತು. ಕಷ್ಟವಾದದ್ದು ತೆನಿಗೆ. ಅವಳು ಮಲಗುವುದು ಅಜ್ಜಿಯ ಕೋಣೆಯಲ್ಲಿ. ಎಂಟು ವರ್ಷದಿಂದ ಪ್ರತಿ ಸಂಜೆ ಆ ಮುದುಕಿ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಶಿಯಾ ಕಾಯಿಯ ಬೆಣ್ಣೆ ಹಚ್ಚಿ, ಒಂದೊಂದೇ ಬೆರಳು ನೀವುತ್ತಿದ್ದರು. ನೀವುತ್ತಲೇ ಬೈಯುತ್ತಿದ್ದರು.

"ಕುಣಿತ ಅಂದ್ರೆ ಸೊಂಟ ಇರ್ಬೇಕು. ನಿನ್ನ ಕುಣಿತದಲ್ಲಿ ಸೊಂಟಾನ ಎಲ್ಲಿ ಬಚ್ಚಿಟ್ಟಿದೀಯೇ? ಅಟ್ಟದ ಮೇಲಿನ ಡಬ್ಬಿ ಇಳಿಸೋಳ ಹಾಗೆ ನಿಂತ್ಕೋತೀಯ, ಅಷ್ಟೆ."

"ಅದಕ್ಕೇ ಅಜ್ಜಿ ಕಷ್ಟ."

"ಕಷ್ಟ ಇರೋದೆಲ್ಲ ಒಳ್ಳೇದಾಗಿದ್ರೆ ಬಾವಿ ತೋಡೋರೆಲ್ಲ ರಾಜರಾಗಬೇಕಿತ್ತು. ಈ ಕಾಲು ಕೊಡು ಇಲ್ಲಿ."

ಬಾಗಿಲಾಚೆ ಹೊಲಿಗೆ ಯಂತ್ರದ ಮುಂದೆ ಕೂತ ಅಬೊಸೆದೆಗೆ ಇದೆಲ್ಲ ಕೇಳಿಸುತ್ತಿತ್ತು. ಮಗಳು ಎಲ್ಲಿ ಬಾಯಿ ಬಿಟ್ಟಾಳೋ ಎಂದು ಪೆಡಲಿನ ಮೇಲಿದ್ದ ಅವಳ ಕಾಲು ನಿಲ್ಲುತ್ತಿತ್ತು.

ಎರಡನೆಯ ವಾರದಲ್ಲಿ ಗಂಟು ಕಟ್ಟುವ ಕೆಲಸ ಬಂತು. ಹುರಿದ ಮರಗೆಣಸಿನ ರವೆ, ಹೊಗೆಯಲ್ಲಿ ಒಣಗಿಸಿದ ಮೀನು, ಕುಟ್ಟಿದ ಮೆಣಸು, ಒಣ ಸೀಗಡಿ ಪುಡಿ. ಮನೆ ತುಂಬ ಘಾಟು. ಇದನ್ನು ಅತ್ತೆಯ ಮೂಗಿನಿಂದ ಬಚ್ಚಿಡುವುದು ಯಾರಿಂದಲೂ ಆಗುವ ಕೆಲಸವಲ್ಲ.

"ಯಾರಿಗೆ ಇಷ್ಟೊಂದು?"

"ಕೊಲಾದೆಗೆ ಅತ್ತೆ, ಹಾಸ್ಟೆಲ್ಲಿಗೆ."

"ಮೂರು ವರ್ಷದಿಂದ ಹಾಸ್ಟೆಲ್ಲಲ್ಲಿದಾನೆ ಆ ಹುಡುಗ. ಒಂದು ಮೀನಿನ ಬಾಲ ಕೊಟ್ಟು ಕಳಿಸದೋಳು ಇವತ್ತು ಇಡೀ ಹೊಳೇನೇ ಗಂಟು ಕಟ್ತಿದೀಯ."

ಮೂಲೆಯಲ್ಲಿದ್ದ ಕೊಲಾದೆ, "ಅಲ್ಲಿ ಊಟ ಕೆಟ್ಟೋಗಿದೆ ಅಜ್ಜಿ," ಎಂದು ಹೇಳಿ ಮುಖ ತಿರುಗಿಸಿದ.

ಅತ್ತೆ ಹೆಚ್ಚು ಕೇಳಲಿಲ್ಲ. ಸುತ್ತುಬಟ್ಟೆ ಬಿಗಿದು ಒರಳಿನ ಮುಂದೆ ಕೂತೇಬಿಟ್ಟರು. "ಕೊಡು, ಮೆಣಸು ನಾನು ಕುಟ್ತೀನಿ. ನೀನು ಕುಟ್ಟಿದ್ದು ಯಾವತ್ತೂ ತರಿ ತರಿ." ಮಧ್ಯಾಹ್ನವಿಡೀ ಕುಟ್ಟಿದರು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸಿಕೊಂಡು, ಜರಡಿ ಹಿಡಿದು, ಬೀಜ ಬೇರೆ ಮಾಡಿ, ಡಬ್ಬಿ ತುಂಬಿ ಮುಚ್ಚಳ ಬಿಗಿದರು. ಅಬೊಸೆದೆ ನೋಡುತ್ತ ನಿಂತಳು. ನಾಚಿಕೆಯೆನಿಸಿತು ಅವಳಿಗೆ. ಹೇಳಿಬಿಡಲೇ ಎಂದು ಬಾಯಿಗೆ ಬಂತು, ತಮ್ಮನ ಮುಖ ನೆನಪಾಯಿತು, ನುಂಗಿಕೊಂಡಳು.

ಆ ಸಂಜೆ ಮಗಳು ಅಡುಗೆ ಮಾಡುವ ಜಾಗಕ್ಕೆ ಬಂದು ಸೌಟು ಕಿತ್ತುಕೊಂಡಳು.

"ಅಜ್ಜಿ ಕುಟ್ಟಿದ ಮೆಣಸು ತಗೊಂಡು ಅಜ್ಜಿಗೆ ಹೇಳದೆ ಹೋಗ್ಲಾ ನಾನು? ಕಳ್ಳಿ ಥರ?"

"ಮೆಲ್ಲಗೆ ಮಾತಾಡೇ."

"ಅಜ್ಜಿಗೆ ಎಪ್ಪತ್ತೆಂಟು ಅಮ್ಮ. ನಾನು ಬರೋದು ಮೂರು ವರ್ಷಕ್ಕೆ."

"ಬರ್ತೀಯಲ್ಲ. ಹೋದ್ರೆ ತಾನೇ ಬರೋದು? ಹೋಗೋದೇ ತಪ್ಪಿಹೋದ್ರೆ ಅಜ್ಜಿ ಪಕ್ಕದಲ್ಲೇ ಕೂತು ಜೀವನ ಪೂರ್ತಿ ಕಾಲು ಒತ್ತಿಸ್ಕೋ. ಸೌಟು ಕೊಡು, ತಳ ಹತ್ತುತ್ತೆ."

ಹುಡುಗಿ ಸೌಟು ಕೊಟ್ಟಳು. ಆ ದಿನ ಊಟ ಮಾಡಲಿಲ್ಲ. ಅಜ್ಜಿ ತಟ್ಟೆ ಹಿಡಿದು ಹಿಂದೆ ಬಿದ್ದು, "ಕಾಲು ಸೋತಿರೋಳು ಹೊಟ್ಟೇನೂ ಸೋಲಿಸ್ಬೇಡ," ಎಂದು ನಾಲ್ಕು ತುತ್ತು ತಿನ್ನಿಸಿದರು.

ವಿಮಾನ ನಾಲ್ಕನೆಯ ವಾರದ ಗುರುವಾರ. ಅದೇ ವಾರ ಅತ್ತೆಯ ಊರಿಂದ ಸುದ್ದಿ ಬಂತು: ಬಾಲ್ಯದ ಗೆಳತಿ ತೀರಿಕೊಂಡಿದ್ದಾರೆ, ಶುಕ್ರವಾರ ಮಣ್ಣು. ಇಜೆಬು ಸೀಮೆಯ ಆ ಹಳ್ಳಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ಮಂಡಿನೋವೆಂದು ಅತ್ತೆ ಹಿಂದೆ ಮುಂದೆ ನೋಡುತ್ತಿದ್ದರು. ಅಬೊಸೆದೆಗೆ ದೇವರೇ ಬಾಗಿಲು ತೆರೆದಂತಾಯಿತು.

"ಹೋಗಿ ಬನ್ನಿ ಅತ್ತೆ. ಒಟ್ಟಿಗೆ ಬೆಳೆದೋರು. ಹೋಗದಿದ್ರೆ ನಾಳೆ ಜನ ಆಡ್ಕೊಳಲ್ವಾ?"

"ಗೆಳತಿಯರೆಲ್ಲ ಒಂದೇ ಥರ ಬಟ್ಟೆ ಉಡ್ತಾರಂತೆ. ನನ್ ಹತ್ರ ಹೊಲಿಸಿದ್ದು ಎಲ್ಲಿದೆ?"

"ನಾನಿಲ್ವಾ?"

ಒಂದೇ ದಿನದಲ್ಲಿ ಬಟ್ಟೆ ತರಿಸಿ, ಕೈಯಲ್ಲಿದ್ದ ಬೇರೆಯವರ ಕೆಲಸ ಬದಿಗಿಟ್ಟು, ರವಿಕೆ, ಸುತ್ತುಬಟ್ಟೆ, ತಲೆಗೆ ಕಟ್ಟುವ ಪಟ್ಟಿ ಎಲ್ಲ ಹೊಲಿದು ಕೊಟ್ಟಳು. ತೋಳಿಗೆ ಲೇಸನ್ನೂ ಇಟ್ಟಳು. ಕನ್ನಡಿಯ ಮುಂದೆ ನಿಂತ ಅತ್ತೆ ಹಿಗ್ಗಿದರು. "ನನ್ನ ಮಗನ ಹೆಂಡತಿ ಕೈ ನೋಡ್ರೋ. ಬಾಯಿ ಹುಳಿ ಆದ್ರೂ ಕೈ ಜೇನು," ಎಂದು ಪಕ್ಕದ ಕೋಣೆಯವರಿಗೂ ಕೇಳುವಂತೆ ಹೊಗಳಿದರು. ಆ ಹೊಗಳಿಕೆ ಅಬೊಸೆದೆಯ ಮೈಗೆ ಮುಳ್ಳಿನಂತೆ ಚುಚ್ಚಿತು. ಆದರೂ ಬುಧವಾರ ಬೆಳಿಗ್ಗೆ ಅತ್ತೆಯ ಚೀಲ ತಾನೇ ಹೊತ್ತು ಬಸ್ ನಿಲ್ದಾಣಕ್ಕೆ ಹೊರಟಳು. ತೆನಿ ಜೊತೆಗೆ ಬಂದಳು, ಬೇಡವೆಂದರೂ ಕೇಳಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ತೆನಿ ಅಜ್ಜಿಯ ಎದುರು ಮಂಡಿಯೂರಿದಳು. ದಿನವೂ ಊರುವವಳೇ. ಬೆಳಗಿನ ನಮಸ್ಕಾರಕ್ಕೆ ಹುಡುಗಿಯರು ಹಾಗೆ ಮಂಡಿ ಮುಟ್ಟಿಸಿ ಏಳುತ್ತಾರೆ. ಇವಳು ಏಳಲಿಲ್ಲ. ಧೂಳಿನಲ್ಲಿ, ಎಣ್ಣೆ ಕಲೆಯ ಮೇಲೆ, ಎರಡೂ ಮಂಡಿ ಊರಿ ತಲೆ ತಗ್ಗಿಸಿ ಕೂತೇಬಿಟ್ಟಳು. ಕಣ್ಣಿಂದ ನೀರು ಹರಿಯುತ್ತಿತ್ತು.

"ಏನೇ ಇದು? ಶನಿವಾರ ಬರ್ತೀನಲ್ಲ," ಎಂದರು ಅಜ್ಜಿ. ಗಾಬರಿಯಾಗಿ ಸೊಸೆಯ ಕಡೆ ನೋಡಿದರು. "ಮೈ ಹುಷಾರಿಲ್ವಾ ಇವಳಿಗೆ?"

"ನಿಮ್ಮನ್ನ ಬಿಟ್ಟಿರೋ ಅಭ್ಯಾಸ ಇಲ್ವಲ್ಲ ಅತ್ತೆ," ಎಂದಳು ಅಬೊಸೆದೆ.

"ಒರಿಕಿ ಹೇಳು ಅಜ್ಜಿ," ಎಂದಳು ಹುಡುಗಿ.

ಒರಿಕಿ ಎಂದರೆ ವಂಶದ ಹೊಗಳುಪದ. ಮಗು ಹುಟ್ಟಿದಾಗ ಹಿರಿಯರು ಅದಕ್ಕೆ ಒಂದು ಮುದ್ದಿನ ಹೆಸರು ಇಟ್ಟು, ಅದರ ಜೊತೆ ಕುಲದ ಕೀರ್ತಿಯನ್ನು ಪೋಣಿಸಿ ಹಾಡುತ್ತಾರೆ. ತೆನಿಯ ಮುದ್ದಿನ ಹೆಸರು ಅಯಿಂಕೆ. ದೂರ ಹೊರಟವರಿಗೆ ಅದನ್ನು ಕೊನೆಯ ಸಾಲಿನವರೆಗೂ ಹೇಳಬೇಕು. ಅಜ್ಜಿ ನಕ್ಕು, ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಶುರು ಮಾಡಿದರು:

"ಅಯಿಂಕೆ, ನನ್ನ ಅಯಿಂಕೆ,
ಬಟ್ಟೆ ನೀಲಿಗೆ ಅದ್ದುವ ಮಡಕೆಯ ಮನೆಯವಳೇ,
ಕೈ ನೀಲಿಯಾದರೂ ಮಾತು ಕಪ್ಪಾಗದವರ ಕುಡಿಯೇ,
ಮೋಡ ಕಂಡರೂ ಬಟ್ಟೆ ಹರವಿದವರ ಮೊಮ್ಮಗಳೇ..."

"ಅಜ್ಜಿ, ಹತ್ತೀರೋ ಇಲ್ವೋ? ಹಾಡು ಊರಲ್ಲಿ ಹಾಡ್ಕೊಳ್ಳಿ," ಎಂದು ಕಂಡಕ್ಟರ್ ಬಸ್ಸಿನ ಮೈಗೆ ಬಡಿದ. ಬಸ್ಸು ಅಲುಗಿತು. "ಉಳಿದದ್ದು ಶನಿವಾರ ಹೇಳ್ತೀನಿ, ಏಳೇ, ಬಟ್ಟೆ ಹಾಳಾಗುತ್ತೆ," ಎನ್ನುತ್ತ ಅಜ್ಜಿ ಹತ್ತಿದರು. ಕಿಟಕಿಯಿಂದ ಕೈ ಹೊರಹಾಕಿ, "ಬೆಣ್ಣೆ ಮುಗಿದಿದೆ, ಊರಿಂದ ತರ್ತೀನಿ," ಎಂದು ಕೂಗಿದರು.

ಗುರುವಾರ ತೆನಿ ಹಾರಿದಳು. ಶುಕ್ರವಾರ ಫೋನ್ ಬಂತು: ಇಳಿದೆ, ಚಳಿ ಇದೆ, ಕೋಣೆಯಲ್ಲಿ ಇನ್ನೂ ಇಬ್ಬರು ಹುಡುಗಿಯರಿದ್ದಾರೆ. ಅಬೊಸೆದೆ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು ಅತ್ತಳು, ಆಮೇಲೆ ಎದ್ದು ಕೋಣೆಯಲ್ಲೇ ಒಂದು ಸುತ್ತು ಕುಣಿದಳು. ಹನ್ನೊಂದು ವರ್ಷದ ಭಾರ ಇಳಿದಿತ್ತು. ಅತ್ತೆಗೆ ಹೇಗೆ ಹೇಳುವುದೆಂದು ಮಾತು ಜೋಡಿಸಿಕೊಂಡಳು. ಶನಿವಾರ ಒಳ್ಳೆಯ ಊಟ ಮಾಡಿ ಬಡಿಸಿ, ಆಮೇಲೆ ಮೆಲ್ಲಗೆ ಹೇಳುವುದು ಎಂದು ಯೋಚಿಸಿ, ಗೆಣಸು ಬೇಯಿಸಿ ಕುಟ್ಟಲು ತೆಗೆದಿಟ್ಟಳು, ಕೋಳಿ ತಂದಳು.

ಹೇಳುವ ಅವಕಾಶವೇ ಸಿಗಲಿಲ್ಲ. ಗೇಟಿನ ಹತ್ತಿರ ಅಕರಾ ವಡೆ ಕರಿಯುವ ರಫಿಯುವಿನ ತಾಯಿ ಇದ್ದಳು. ಅತ್ತೆ ಆಟೋದಿಂದ ಇಳಿದದ್ದೇ ತಡ, ಅವಳು ಜಾಲರಿ ಸೌಟು ಹಿಡಿದೇ ಎದ್ದು ಬಂದು ಮಂಡಿ ಬಗ್ಗಿಸಿದಳು. ಕಿಟಕಿಯ ಪಕ್ಕದಲ್ಲಿದ್ದ ಅಬೊಸೆದೆಗೆ ಎಲ್ಲ ಕೇಳಿಸಿತು.

"ದೇವರು ದೊಡ್ಡೋನು ಅಜ್ಜಿ. ಮೊಮ್ಮಗಳು ಸುಖವಾಗಿ ತಲುಪಿದಳಂತಲ್ಲ. ನಮ್ ಬೀದಿ ಹುಡುಗಿ ಪೋರ್ಚುಗಲ್ ಸೇರಿದ್ಲು."

ಅತ್ತೆ ಕೈಚೀಲವನ್ನು ನೆಲಕ್ಕಿಟ್ಟರು. "ದೇವರು ದೊಡ್ಡೋನು," ಎಂದರು ಆಮೇಲೆ. ಧ್ವನಿಯಲ್ಲಿ ಏನೂ ಗೊತ್ತಾಗಲಿಲ್ಲ. "ನಿಂಗೆ ಯಾವಾಗ ಗೊತ್ತಾಯ್ತು?"

"ಮೂರು ವಾರ ಆಯ್ತಲ್ಲ. ತೆನಿ ಅಮ್ಮನೇ ಬಂದು, ಪ್ರಾರ್ಥನೆ ಮಾಡು ಕಣೇ, ಯಾರ್ಗೂ ಹೇಳ್ಬೇಡ ಅಂದ್ರು. ನಾನು ಒಬ್ರಿಗೂ ಹೇಳ್ಲಿಲ್ಲ ಅಜ್ಜಿ. ನಮ್ ಯಜಮಾನ್ರಿಗೆ ಬಿಟ್ಟು."

"ಒಳ್ಳೇದು ಮಾಡ್ದೆ. ಗುಟ್ಟು ಅಂದ್ರೆ ಗುಟ್ಟೇ," ಎಂದರು ಅತ್ತೆ. ನಾಲ್ಕು ವಡೆ ಕಟ್ಟಿಸಿಕೊಂಡರು. ಮನೆಯ ಮಾನವನ್ನು ಗೇಟಿನಲ್ಲಿ ಬಿಡದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಒಳಗೆ ಬಂದರು.

ಬಂದವರು ಮೊದಲು ತಮ್ಮ ಕೋಣೆಗೆ ಹೋಗಿ ಖಾಲಿ ಹಾಸಿಗೆ ನೋಡಿದರು. ಆಮೇಲೆ ಮಗನನ್ನು ಕರೆದರು.

"ನೀನು ಯಾರಿಗೆ ಹೇಳಿದ್ದೆ?"

ಲಾದಿಪೊ ಅಡಕತ್ತರಿಯಲ್ಲಿ ಸಿಕ್ಕಿಬಿದ್ದ. "ಬಿಡಿಭಾಗದ ಅಂಗಡಿಯೋನಿಗೆ, ಒಬ್ಬನಿಗೇ ಅಮ್ಮ. ಖುಷಿ ತಡೀಲಾರದೆ."

"ಕೊಲಾದೆ, ನೀನು?"

"ಇಬ್ಬರಿಗೆ."

"ಹೋದ ಭಾನುವಾರ ಪಾದ್ರಿ ಹೆಂಡತಿ ನನ್ನ ಕೈ ಹಿಡಿದು ನಕ್ಕಿದ್ದು ಇದಕ್ಕೇನಾ? ಅವಳಿಗೆ ಯಾರು ಹೇಳಿದ್ದು?"

ಅಬೊಸೆದೆ ನೆಲ ನೋಡುತ್ತ, "ನಾನೇ ಅತ್ತೆ. ಉಪವಾಸ ಮಾಡಿ ಪ್ರಾರ್ಥನೆ ಮಾಡ್ತೀನಿ ಅಂದ್ರು," ಎಂದಳು.

ಅತ್ತೆ ಬೆರಳು ಮಡಿಸುತ್ತ ಹೋದರು. ಒಂದು ಕೈಯ ಬೆರಳು ತೀರಿ ಇನ್ನೊಂದು ಕೈಗೆ ಬಂದರು. "ಬಾಯಿ ಹರುಕಿ ಅನ್ನೋ ಹೆಸರು ನಂದು. ಬೀದಿಗೆಲ್ಲ ಹಂಚಿದ್ದು ನೀವು. ಗೊತ್ತಿಲ್ಲದೆ ಇದ್ದೋಳು ನಾನೊಬ್ಬಳೇ. ಮೆಣಸು ಕುಟ್ಟಿದೋಳು."

"ಕಣ್ಣು ತಾಗುತ್ತೆ ಅಂತ ಹೆದರಿದೆ ಅತ್ತೆ."

"ಯಾರ ಕಣ್ಣು? ನಂದಾ?" ಎಂದರು. ಅತ್ತೆ ಮೈಮೇಲಿದ್ದ ಹೊಸ ರವಿಕೆಯ ಲೇಸನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. "ಇದನ್ನ ಎಷ್ಟು ಚೆನ್ನಾಗಿ ಹೊಲ್ದಿದ್ದೆ ಅಂತ ಊರಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ ಕಣೇ," ಎಂದು ಒಳಗೆ ಹೋದರು.

ಕೋಳಿ ಹಾಗೆಯೇ ಉಳಿಯಿತು. ಮಾರನೆಯ ದಿನ ಅತ್ತೆ ಮಂಚದಡಿಯಿಂದ ಹಳೆಯ ಸೀಮೆಎಣ್ಣೆ ಸ್ಟೌವ್ ಎಳೆದು, ಬತ್ತಿ ಕತ್ತರಿಸಿ, ಅಡುಗೆ ಮಾಡುವ ಓಣಿಯಲ್ಲಿ ಅಬೊಸೆದೆಯ ಸ್ಟೌವಿನಿಂದ ಎರಡು ಮಾರು ದೂರ ಇಟ್ಟರು. ಒಲೆ ಬೇರೆಯಾಯಿತು. ಆ ವಠಾರದ ಎಂಟು ಮನೆಯವರೂ ಅಡುಗೆ ಮಾಡುವುದು ಆ ಓಣಿಯಲ್ಲೇ. ಯಾರೂ ಏನೂ ಕೇಳಲಿಲ್ಲ, ಎಲ್ಲರೂ ನೋಡಿದರು.

ಜಗಳವಾಡಿದ್ದರೆ ಅಬೊಸೆದೆಗೆ ಸುಲಭವಿತ್ತು. ಅತ್ತೆ ಜಗಳವಾಡಲಿಲ್ಲ. "ಉಪ್ಪು ಇದೆಯಾ" ಎಂದರೆ ಕೊಟ್ಟರು, ತಾವು ತಗೊಂಡ ಉಪ್ಪನ್ನು ಸಂಜೆಗೆ ಅಳೆದು ವಾಪಸು ಮಾಡಿದರು. ಪಾಡು ಪಟ್ಟವನು ಲಾದಿಪೊ. ಹೆಂಡತಿಯ ಹತ್ತಿರ ಉಂಡರೆ ತಾಯಿಗೆ ನೋವು, ತಾಯಿಯ ಹತ್ತಿರ ಉಂಡರೆ ಹೆಂಡತಿಗೆ. ಎರಡೂ ಕಡೆ ಉಂಡ. ಮೂರು ವಾರದಲ್ಲಿ ಅವನ ಪ್ಯಾಂಟಿನ ಗುಂಡಿ ಹಾಕಲಾಗದೆ ಅಬೊಸೆದೆಯೇ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡಬೇಕಾಯಿತು.

"ಈ ಮನೇಲಿ ಶಾಂತಿ ಬರೋದ್ರೊಳಗೆ ನಾನು ಒಡೆದೋಗ್ತೀನಿ," ಎಂದ ಅವನು.

"ಒಡೀರಿ. ಆಗಲಾದ್ರೂ ಅತ್ತೆ ಮಾತಾಡಿಸ್ತಾರೇನೋ," ಎಂದಳು ಅವಳು.

ತೆನಿ ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದಳು. ಅಜ್ಜಿಗೆ ಕೊಡು ಎನ್ನುತ್ತಿದ್ದಳು. ಅಜ್ಜಿ ಬರುತ್ತಿರಲಿಲ್ಲ. "ನಾನು ಕಳಿಸಿಕೊಟ್ಟಿಲ್ಲ. ಕಳಿಸದೆ ಇರೋಳನ್ನ ತಲುಪಿದ್ಯಾ ಅಂತ ಹೇಗೆ ಕೇಳ್ಲಿ? ನನ್ನ ಲೆಕ್ಕದಲ್ಲಿ ಅವಳು ಇನ್ನೂ ಬಸ್ ನಿಲ್ದಾಣದಲ್ಲೇ ಮಂಡಿ ಊರ್ಕೊಂಡಿದಾಳೆ," ಎನ್ನುತ್ತಿದ್ದರು. ಊರಿಂದ ತಂದ ಬೆಣ್ಣೆಯ ಉಂಡೆ ಎಲೆಯಲ್ಲಿ ಸುತ್ತಿದ್ದು ಹಾಗೆಯೇ ಕಿಟಕಿಯಲ್ಲಿತ್ತು.

ಐದನೆಯ ಭಾನುವಾರ ತೆನಿ ಕಾಲಿನ ಮಾತೆತ್ತಿದಳು. ಹೆಬ್ಬೆರಳಿನ ಉಗುರು ಕಿತ್ತುಬಂದಿದೆ ಎಂದಳು. ಮೇಷ್ಟ್ರು ಸಿಮೆಂಟಿನ ಮೇಲೆ ಕಲಿಸಿದ್ದೆಲ್ಲ ಇಲ್ಲಿ ತಪ್ಪಂತೆ, ನಿಲ್ಲುವುದನ್ನೇ ಮೊದಲಿಂದ ಕಲಿಯಬೇಕಂತೆ, ಹನ್ನೆರಡು ವರ್ಷದ ಮಕ್ಕಳ ಜೊತೆ ನಿಲ್ಲಿಸಿದ್ದಾರೆ ಎಂದಳು.

"ಆಗುತ್ತೆ ಮಗಾ, ಮೊದಮೊದಲು ಹಾಗೇ."

"ನಂಗೆ ನಿಲ್ಲಕ್ಕಾಗ್ತಿಲ್ಲ ಅಮ್ಮ. ವಾಪಸ್ ಬರ್ತೀನಿ." ಹುಡುಗಿ ಬಿಕ್ಕಿದಳು. "ಅಜ್ಜಿ ಕೊನೇ ಸಾಲು ಹೇಳ್ಲೇ ಇಲ್ಲ. ನಾನು ಅರ್ಧದಲ್ಲೇ ಎದ್ದು ಬಂದೆ."

ಬೀದಿಯ ಕಣ್ಣಿಗೆ ಹೆದರಿ ಅಬೊಸೆದೆ ಮಗಳ ಬೆನ್ನಿಗಿದ್ದ ಒಂದೇ ಕೈಯನ್ನು ತೆಗೆದುಬಿಟ್ಟಿದ್ದಳು. ಫೋನನ್ನು ಹಿಡಿದುಕೊಂಡೇ ಓಣಿಗೆ ಹೋದಳು. ಅತ್ತೆ ತಮ್ಮ ಸ್ಟೌವಿನ ಮುಂದೆ ಸೊಪ್ಪು ಬಿಡಿಸುತ್ತಿದ್ದರು. ಎಂಟು ಮನೆಯ ಹೆಂಗಸರು ನೋಡುತ್ತಿದ್ದರು. ಅಬೊಸೆದೆ ಸೊಪ್ಪಿನ ಕಸದ ಮೇಲೆಯೇ ಮಂಡಿಯೂರಿದಳು.

"ನನ್ನ ಮೇಲಿನ ಸಿಟ್ಟು ನನ್ನ ಮೇಲಿರಲಿ ಅತ್ತೆ. ಹುಡುಗಿ ಸೋತಿದಾಳೆ. ಕಳಿಸಿಕೊಡಿ ಅವಳನ್ನ."

ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಯ ಕಡ್ಡಿಯನ್ನೂ ಮುಗಿಸಿ, ಕೈ ಒರೆಸಿಕೊಂಡು, "ಆ ಕಡೆ ಅವಳೂ ಮಂಡಿ ಊರಿದಾಳಾ ಕೇಳು," ಎಂದರು.

ಫೋನಿನಿಂದ ಸಣ್ಣ ಧ್ವನಿ ಬಂತು. "ಊರಿದೀನಿ ಅಜ್ಜಿ."

"ಅಷ್ಟು ದೂರದ ತಲೆಗೆ ನನ್ನ ಕೈ ಎಟುಕಲ್ಲ. ಹೊರಡಿಸಿದೋಳು ನೀನು, ನಿನ್ನ ತಲೆ ಕೊಡು," ಎಂದು ಸೊಸೆಯ ತಲೆಯ ಮೇಲೆ ಕೈ ಇಟ್ಟರು. ಕೈ ಭಾರವಾಗಿತ್ತು, ಸೊಪ್ಪಿನ ಹಸಿ ವಾಸನೆಯಿತ್ತು. ಮೊದಲಿಂದ ಶುರು ಮಾಡಿದರು. ನೀಲಿ ಮಡಕೆ, ನೀಲಿ ಕೈ, ಮೋಡ ಕಂಡರೂ ಹರವಿದ ಬಟ್ಟೆ, ಎಲ್ಲ ಬಂತು. ಬಸ್ಸು ತಡೆದ ಜಾಗ ದಾಟಿತು.

"ಹಾವು ಅಡ್ಡ ಬಂದರೆ ಹಾವಿಗೇ ದಾರಿ ತೋರಿದವರ ವಂಶದವಳೇ,
ಮನೆಯವಳಿಂದ ಬಚ್ಚಿಟ್ಟು ಬೀದಿಗೆ ಹೇಳಿದವಳ ಮಗಳೇ..."

ಓಣಿಯಲ್ಲಿ ಯಾರೋ ಕಿಸಕ್ಕೆಂದರು. ಅಬೊಸೆದೆಯ ಕಿವಿ ಬಿಸಿಯಾಯಿತು. ಅವಳು ತಲೆ ಎತ್ತಲಿಲ್ಲ.

"ಅಯಿಂಕೆ, ನೆಲ ಗಟ್ಟಿಯಿರಲಿ, ಕಾಲು ಅದಕ್ಕಿಂತ ಗಟ್ಟಿಯಿರಲಿ.
ಹೋದ ಕಾಲು ಹೋದ ದಾರಿಯಲ್ಲೇ ಮನೆಗೆ ಬರಲಿ,
ಬಂದಾಗ ಬಾಗಿಲು ತೆಗೆಯುವ ಕೈ ಇರಲಿ."

ಆ ಕೊನೆಯ ಸಾಲನ್ನು ಮುದುಕಿ ಎರಡು ಸಲ ಹೇಳಿದರು. ಮೂರು ವರ್ಷ ಎಷ್ಟು ಉದ್ದವೆಂದು ಅವರು ಆ ಒಂದು ಕ್ಷಣದಲ್ಲಿ ಅಳೆದಂತಿತ್ತು. ಫೋನಿನ ಆ ಕಡೆ ಹುಡುಗಿ ಜೋರಾಗಿ ಅತ್ತಳು, ಅತ್ತು ಮೂಗೊರೆಸಿಕೊಂಡು, "ಹೋಗ್ಬರ್ತೀನಿ ಅಜ್ಜಿ," ಎಂದಳು.

"ಹೋಗು. ಉಗುರಿಗೆ ಬೆಣ್ಣೆ ಹಚ್ಚು. ನಂದು ಕಳಿಸ್ತೀನಿ, ಅಲ್ಲಿಯದು ಹಚ್ಚಬೇಡ," ಎಂದು ಅತ್ತೆ ಫೋನ್ ವಾಪಸು ಕೊಟ್ಟರು.

ಅಬೊಸೆದೆ ಮಂಡಿಯ ಕಸ ಒರೆಸಿಕೊಂಡು ಎದ್ದಳು. ಎದೆ ಹಗುರಾಗಿತ್ತು. "ಅತ್ತೆ, ಗೆಣಸು ಕುಟ್ತೀನಿ. ಇವತ್ತು ಒಟ್ಟಿಗೆ ಊಟ ಮಾಡೋಣ."

ಅತ್ತೆ ಬೆಂಕಿಪೊಟ್ಟಣ ಹುಡುಕುತ್ತಿದ್ದರು. "ಅವಳನ್ನ ಕಳಿಸಿದ್ದಾಯ್ತು. ನಿಂದು ಬೇರೆ."

"ಇನ್ನೂ ಎಷ್ಟು ದಿನ ಅತ್ತೆ ಈ ಬೇರೆ ಒಲೆ?"

"ನಂಗೆ ಗೊತ್ತಾದಾಗ ಹೇಳ್ತೀನಿ," ಎಂದರು ಅತ್ತೆ, ಕಡ್ಡಿ ಗೀರಿ ಬತ್ತಿಗೆ ಹಿಡಿಯುತ್ತ. "ಮೊದಲು ರಫಿಯು ತಾಯಿಗೆ ಹೇಳ್ತೀನಿ, ಪಾದ್ರಿ ಹೆಂಡತಿಗೆ ಹೇಳ್ತೀನಿ, ಬಿಡಿಭಾಗದ ಅಂಗಡಿಯೋನಿಗೂ ಹೇಳ್ತೀನಿ. ಎಲ್ಲರಿಗೂ ಗೊತ್ತಾದ ಮೇಲೆ ನಿಂಗೂ ಗೊತ್ತಾಗುತ್ತೆ."

ಸ್ಟೌವ್ ಹೊತ್ತಿಕೊಂಡಿತು. ಅಬೊಸೆದೆ ಎರಡು ಮಾರು ಆಚೆಗಿದ್ದ ತನ್ನ ಒಲೆಗೆ ಹೋಗಿ ನೀರಿಟ್ಟಳು.